ನಿಧಾನದವರಿಗೆ ಮಾತ್ರ ಕೇಳುವ ಸದ್ದು

“ಮೇಡಂ, ಅಲ್ಲಿ ನೆಟ್ ಬರಲ್ಲ! ಫೋನ್ ನೋಡ್ಬೇಕಂದ್ರೆ ಮೇಲೆ ಬನ್ನಿ!” ವಾಚ್‌ಮನ್ ಮೆಟ್ಟಿಲ ತುದಿಯಿಂದ ಕೂಗಿದ.

“ಬರಲ್ಲ ಅಂತಾನೇ ಇಲ್ಲಿಗೆ ಬಂದಿರೋದು ಕಣಪ್ಪಾ!” ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಇಂಥವರ ಜೊತೆ ಮಾತೇಕೆ ಎಂದು ತನ್ನ ಕುರ್ಚಿಗೆ ಮರಳಿದ. ಅವನ ತಪ್ಪೇನಿಲ್ಲ. ಲೋಕದ ಜನರೆಲ್ಲ ಸಿಗ್ನಲ್ ಹುಡುಕಿಕೊಂಡು ಮಹಡಿ ಹತ್ತುತ್ತಾರೆ. ಸಿಗ್ನಲ್ ಸಾಯುವ ಮೂಲೆ ಬೇಕೆಂದು ಕಾರು ನಿಲ್ಲಿಸುವ ನೆಲಮಾಳಿಗೆಗೆ ಇಳಿದವಳು ನಾನೊಬ್ಬಳೇ ಇರಬೇಕು.

ಪಕ್ಕದಲ್ಲಿ ವ್ಯಾನಿಗೆ ಒರಗಿ ನಿಂತಿದ್ದ ಮೆಕ್ಯಾನಿಕ್ ನಗಲಿಲ್ಲ. ಇದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿರುವ ಅವನ ತಂಗಿ, ಹೊಲಿಗೆ ಟೀಚರ್, ಒಂದು ವಾರದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಂಡನೇ ಕೂಡಿಹಾಕಿದ್ದಾನೆ, ಬಿಡಿಸಿಕೊಡಿ ಚಿಕ್ಕಮ್ಮ ಎಂದು ಮೊನ್ನೆ ನನ್ನೆದುರು ಕೂತು ಗಳಗಳ ಅತ್ತಿದ್ದ. ಊರವರ ಇಂಥ ತೊಡಕು ಬಿಡಿಸುತ್ತಾ ಬಂದವಳು, ಹಾಗಾಗಿ ಊರಿಗೆಲ್ಲ ನಾನು ಚಿಕ್ಕಮ್ಮ. ನನ್ನ ಸ್ವಂತ ಅಕ್ಕನ ಮಕ್ಕಳು ಮಾತ್ರ ಹಾಗೆ ಕರೆಯುವುದಿಲ್ಲ, ಅದು ಬೇರೆ ಕಥೆ.

ವಿಚಿತ್ರ ಏನೆಂದರೆ, ಕಾಣೆಯಾದ ಟೀಚರ್ ದಿನಾ ಮಧ್ಯಾಹ್ನ ಪಾಠ ಮಾಡುತ್ತಿದ್ದಳು. ಲೈವ್! ಸಾವಿರಾರು ಹೆಂಗಸರು ಫೋನಿನಲ್ಲಿ ನೋಡುತ್ತಿದ್ದರು. ಪ್ರಶ್ನೆ ಕೇಳಿದರೆ ಆಗಲೇ ಉತ್ತರ. ದನಿ ಅವಳದೇ, ಅದರಲ್ಲಿ ಅವಳ ಅಣ್ಣನಿಗೇ ಅನುಮಾನವಿರಲಿಲ್ಲ. ಮುಖ ಮಾತ್ರ ಕಾಣುತ್ತಿರಲಿಲ್ಲ. ಮೊದಲಿನಿಂದಲೂ ಆ ಪಾಠದಲ್ಲಿ ಕಾಣುವುದು ಎರಡು ಕೈ, ಸೂಜಿ, ಬಟ್ಟೆ, ಅಷ್ಟೇ.

“ಶುರುವಾಯ್ತು,” ಎಂದ ಮೆಕ್ಯಾನಿಕ್.

ಫೋನಿನಲ್ಲಿ ಎರಡು ಕೈಗಳು ಮೂಡಿದವು. ಮಸುಕು ಮಸುಕು, ಸೋಪಿನ ನೀರಿನೊಳಗಿನ ಪಾತ್ರೆಯಂತೆ. “ಇವತ್ತು ಅಂಗಿಯ ಕಾಲರ್ ಮೂಲೆ ತಿರುಗಿಸೋದು ಕಲಿಯೋಣ,” ಎಂದಿತು ಟೀಚರ್ ದನಿ.

ಈ ಟೀಚರ್‌ಗೆ ಒಂದು ಪದ್ಧತಿಯಿತ್ತು. ಅವಳ ವಿದ್ಯಾರ್ಥಿನಿಯರಲ್ಲಿ ಮುಕ್ಕಾಲುಪಾಲು ಜನರ ನೆಟ್ ಬಸವನಹುಳ. ಅಂಥ ಫೋನಿನಲ್ಲಿ ಅಲುಗಾಡುವುದೆಲ್ಲ ಕಲಸಿಹೋಗುತ್ತದೆ, ಅಲುಗಾಡದೆ ಇರುವುದು ಮಾತ್ರ ನಿಧಾನಕ್ಕೆ ತಿಳಿಯಾಗುತ್ತದೆ. ಅದಕ್ಕೇ ಪ್ರತಿ ಹೊಲಿಗೆಯ ನಂತರ ಅವಳು ಕೈಯನ್ನು ಕಲ್ಲಿನಂತೆ ಹಿಡಿದು, “ಕೈ ನಿಲ್ಲಿಸಿದ್ದೀನಿ, ನಿಧಾನದವರು ನೋಡ್ಕೊಳ್ಳಿ” ಎನ್ನುತ್ತಿದ್ದಳು. ಹಳೆಯ ಪಾಠಗಳನ್ನೆಲ್ಲ ಕೂತು ನೋಡಿದ್ದೆ. ಒಮ್ಮೆಯೂ ತಪ್ಪಿಸಿದವಳಲ್ಲ.

“ಕೈ ನಿಲ್ಲಿಸಿದ್ದೀನಿ,” ಎಂದಿತು ದನಿ. “ನಿಧಾನದವರು ನೋಡ್ಕೊಳ್ಳಿ.”

ಪರದೆಯ ಮೇಲೆ ಕೈ ನಿಲ್ಲಲಿಲ್ಲ. ಸರಸರ ಹೊಲಿಯುತ್ತಲೇ ಇತ್ತು.

ಒಂದು ವಾರದಿಂದ ಹೀಗೇ. ಹೊಲಿಗೆಯೇ ಕಾಣ್ತಿಲ್ಲ ಟೀಚರ್ ಎಂದು ವಿದ್ಯಾರ್ಥಿನಿಯರು ಬರೆದರೆ, ನೆಟ್ ಸರಿಯಿಲ್ಲ ಎಂದು ಗಂಡನ ಉತ್ತರ. ಎಲ್ಲ ಕಳ್ಳತನಕ್ಕೂ ಈಗ ನೆಟ್ ಎಂಬ ನೆಪವೊಂದು ಸಿಕ್ಕಿಬಿಟ್ಟಿದೆ! ನಿನ್ನೆ ಮಾತ್ರ ದೂರದ ಗುಡ್ಡದಾಚೆಯ ಒಬ್ಬಳು ಬೇರೆಯದೇ ಬರೆದಿದ್ದಳು: “ಟೀಚರ್, ನಿಮ್ಮನೇಲಿ ಅದೇನು ಗರಗರ ಸದ್ದು?” ಯಾವ ಸದ್ದೂ ಇಲ್ವಲ್ಲ ಎಂದು ಉಳಿದವರೆಲ್ಲ ಅವಳನ್ನು ಗೇಲಿ ಮಾಡಿದರು. “ನನ್ನ ಫೋನಿಗೆ ಚಿತ್ರ ಬರಲ್ಲ, ಬರೀ ದನಿ ಬರುತ್ತೆ, ಅದ್ರಲ್ಲಿ ಕೇಳುತ್ತೆ,” ಎಂದು ಪಾಪ, ಸುಮ್ಮನಾಗಿದ್ದಳು.

ನನಗೆ ಆ ಬರೀ ದನಿ ಬೇಕಿತ್ತು. ನೆಟ್ ಚೆನ್ನಾಗಿದ್ದವರಿಗೆ ಚಿತ್ರ, ನೆಟ್ ತೀರಾ ಸತ್ತುಹೋದವರಿಗೆ ಬರೀ ದನಿ. ಹಾಗಾಗಿ ಫೋನನ್ನು ಮುಂದೆ ಹಿಡಿದು, ನೀರಿನ ತೊಟ್ಟಿಯ ಹಿಂದೆ, ಲಿಫ್ಟಿನ ಗೋಡೆಯ ಸಂದಿಗೆ ನುಗ್ಗಿದೆ. ಸೀರೆಗೆಲ್ಲ ಜೇಡರ ಬಲೆ. ಪರದೆಯ ಮೇಲೆ ವೃತ್ತ ತಿರುಗಿತು, ತಿರುಗಿತು, ನನ್ನ ತಾಳ್ಮೆಯೂ ಅದರ ಜೊತೆ ತಿರುಗಿತು. ಕೊನೆಗೆ ಚಿತ್ರ ಮಾಯವಾಗಿ ಒಂದು ಮೈಕಿನ ಗುರುತು ಬಂತು.

ದನಿ ಬಂತು. ದನಿಯ ಹಿಂದೆ ಸದ್ದೂ ಬಂತು.

ಗರಗರಗರ ಒಂದು ಕಡೆಗೆ. ನಿಂತಿತು. ಮತ್ತೆ ಗರಗರಗರ ಇನ್ನೊಂದು ಕಡೆಗೆ. ಕಬ್ಬಿಣದ ಭಾರವಾದ ವಸ್ತು ಏನನ್ನೋ ಹೊಟ್ಟೆಯಲ್ಲಿಟ್ಟುಕೊಂಡು ಹೊರಳಿದ ಹಾಗೆ. ಆಮೇಲೆ ಒಂದು ಬಜರ್, ಬಿಕ್ಕಳಿಸಿದಂತೆ ತಡೆದು ತಡೆದು.

ಆ ಮನೆಯ ಬಾಗಿಲಿಗೆ ಎರಡು ದಿನ ಕಿವಿಯಿಟ್ಟು ಬಂದವಳು ನಾನು. ಅಲ್ಲಿ ಫ್ಯಾನಿನ ಸದ್ದೂ ಇಲ್ಲ. ಅಂದರೆ ಕೈ ಆ ಮನೆಯಲ್ಲಿದೆ, ದನಿ ಬೇರೆಲ್ಲೋ ಇದೆ!

“ಕೇಳಪ್ಪಾ ಇಲ್ಲಿ,” ಎಂದು ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ಮೆಕ್ಯಾನಿಕ್ ಕಿವಿಗೆ ತುರುಕಿದೆ. “ಏನು ಸದ್ದು ಇದು? ಎಲ್ಲಿಯದು?”

ಅವನು ಕಣ್ಣು ಮುಚ್ಚಿಕೊಂಡ. ತುಂಬ ಹೊತ್ತು ಕೇಳಿದ. ಆಮೇಲೆ ಇಯರ್‌ಫೋನನ್ನು ಅಂಗಿಗೆ ಒರೆಸಿ ಜೋಪಾನವಾಗಿ ನನ್ನ ಕೈಗಿಟ್ಟ.

“ತಲೆಬುಡ ಗೊತ್ತಾಗ್ತಿಲ್ಲ ಚಿಕ್ಕಮ್ಮ. ಯಾವುದೋ ಪಂಪಿರ್ಬೇಕು. ನೀವು ಮೇಲೆ ಹೋಗಿ, ಅವನ ಬಾಯಿ ಬಿಡಿಸಿ. ನಾನು ಬಂದ್ರೆ ಕೈ ಕೈ ಮಿಲಾಯಿಸುತ್ತೆ. ಗೇಟ್ ಹತ್ರ ಗಾಡಿ ಹಾಕ್ಕೊಂಡಿರ್ತೀನಿ.”

ಒಳ್ಳೆಯ ಮನುಷ್ಯ ಎಂದುಕೊಂಡೆ. ಬೆಳಿಗ್ಗೆ ನನ್ನ ಸ್ಕೂಟರ್ ಅವನ ಅಂಗಡಿಯ ಮುಂದೆ ನಿಲ್ಲುವ ಮೊದಲೇ, “ಹಿಂದಿನ ಚಕ್ರದ ಬೇರಿಂಗ್ ಹೋಗ್ತಾ ಇದೆ, ಸಂಜೆ ಬಿಟ್ಟುಹೋಗಿ” ಎಂದಿದ್ದ. ತಂಗಿ ಕಾಣೆಯಾದ ಸಂಕಟದಲ್ಲೂ ನನ್ನ ಬೇರಿಂಗ್ ಬಗ್ಗೆ ಯೋಚಿಸುವವನು.

ಲಿಫ್ಟ್ ಕಾಯುವ ಜಾಯಮಾನ ನನ್ನದಲ್ಲ. ಮೆಟ್ಟಿಲು ಹತ್ತಿದೆ, ಮೂರನೇ ಮಹಡಿಯಲ್ಲಿ ಮಂಡಿ ಶಾಪ ಹಾಕಿತು. ಇಯರ್‌ಫೋನ್ ಕಳಚಿದ ಫೋನು ಅಂಗೈಯಲ್ಲಿ ಸಣ್ಣಗೆ ಮಾತಾಡುತ್ತಲೇ ಇತ್ತು. ನೆಟ್ ಬಂದರೂ ಚಿತ್ರ ಮರಳಲಿಲ್ಲ, ಬರೀ ದನಿ.

ಬಾಗಿಲು ತೆರೆದವನು ಟೀಚರ್ ಗಂಡ. ಲೈವ್ ಮಾಸ್ಟರ್ ಎಂದೇ ಎಲ್ಲರಿಗೂ ಗೊತ್ತು. ಕೊರಳಲ್ಲಿ ಹೆಡ್‌ಫೋನ್, ಹಣೆಯಲ್ಲಿ ಬೆವರು.

“ಲೈವ್ ನಡೀತಿದೆ. ಆಮೇಲೆ ಬನ್ನಿ.”

“ಆಮೇಲೆ ಬಂದ್ರೆ ಕೈ ಬದಲಾಗಿರುತ್ತೇನೋ!” ಎಂದು ಅವನನ್ನು ಸರಿಸಿ ಒಳಗೆ ನುಗ್ಗಿದೆ.

ಕೋಣೆ ಬಿಸಿ ಬಾಣಲೆ. ಕಿಟಕಿಗೆಲ್ಲ ಕಂದು ಕಾಗದ ಅಂಟಿಸಿತ್ತು, ಫ್ಯಾನ್ ಆರಿಸಿತ್ತು. ಬಿಳಿ ಹಾಳೆ ಹಾಸಿದ ಮೇಜು, ಅದನ್ನೇ ದಿಟ್ಟಿಸುವ ಕ್ಯಾಮೆರಾ. ಮೇಜಿನ ಹಿಂದೆ ಬಳೆ ಬಿಚ್ಚಿಟ್ಟುಕೊಂಡು ಅಂಗಿಯ ಕಾಲರ್ ಹೊಲಿಯುತ್ತಿದ್ದವಳು ಒಬ್ಬ ಮುದುಕಿ. ಮೂಲೆಯ ಸ್ಪೀಕರಿನಲ್ಲಿ ಟೀಚರ್ ದನಿ, “ಈಗ ಮೂಲೆಯ ಬಟ್ಟೆ ಸ್ವಲ್ಪ ಕತ್ತರಿಸಿ” ಎನ್ನುತ್ತಿತ್ತು. ಮುದುಕಿ ಕತ್ತರಿಸಿದಳು.

“ಮಾತಾಡಿ, ಪರವಾಗಿಲ್ಲ,” ಎಂದಳು ತಲೆಯೆತ್ತದೆ. “ಇಲ್ಲಿನ ಮೈಕು ಬಂದ್. ಲೋಕದಲ್ಲಿ ಸೊಸೆ ಹೇಳಿದಂಗೆ ಕುಣಿಯೋ ಅತ್ತೆ ನಾನೊಬ್ಳೇ ಇರ್ಬೇಕು ನೋಡಿ.”

“ಅಮ್ಮಾ!” ಎಂದ ಮಾಸ್ಟರ್.

“ಏನಮ್ಮಾ? ಸಿಕ್ಕಿಬಿದ್ದಾಗಿದೆ. ಇವ್ರ ಮುಖ ನೋಡಿದ್ರೆ ಗೊತ್ತಾಗಲ್ವಾ?”

“ಅಜ್ಜೀ, ಸಿಕ್ಕಿಬಿದ್ದದ್ದು ನಿಮ್ಮ ಕೈಯಿಂದಲೇ,” ಎಂದೆ. “ಸೊಸೆ ನಿಲ್ಲಿಸಿದ್ದೀನಿ ಅಂದ್ರೂ ನಿಮ್ಮ ಕೈ ನಿಲ್ಲಲ್ವಲ್ಲ!”

“ಮದುವೆಯಾದಾಗಿನಿಂದ ಓಡ್ತಿರೋ ಕೈ. ನಿಲ್ಲು ಅಂದ್ರೆ ನಿಲ್ಲುತ್ತಾ?”

ಮಾಸ್ಟರ್ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ಈ ವಾರ ಚಿತ್ರ ಯಾಕೆ ನೆಟ್ ಚೆನ್ನಾಗಿದ್ದವರಿಗೂ ಮಸುಕು ಎಂಬುದು ಈಗ ತಿಳಿಯಿತು. ಅಮ್ಮನ ಕೈಯ ಸುಕ್ಕು ಕಾಣಬಾರದೆಂದು ಇವನೇ ಚಿತ್ರವನ್ನು ಕೆಡಿಸಿ ಬಿಡುತ್ತಿದ್ದಾನೆ.

“ಎಲ್ಲಿಟ್ಟಿದ್ದೀಯಪ್ಪಾ ಹೆಂಡತೀನ?” ಎಂದೆ. “ಫೋನಲ್ಲಿ ಅವಳ ದನಿ ತರಿಸ್ತಾ ಇದ್ದೀಯ. ಅವಳ ಹಿಂದೆ ಒಂದು ಯಂತ್ರ ತಿರುಗ್ತಾ ಇದೆ. ಗರಗರ ಆಕಡೆ, ಗರಗರ ಈಕಡೆ.”

“ಸಾಧ್ಯವೇ ಇಲ್ಲ. ಹಿಂದಿನ ಸದ್ದನ್ನೆಲ್ಲ ನಾನು ತೆಗೆದೇ ಬಿಡೋದು.”

ನಾನು ಫೋನನ್ನು ಎತ್ತಿ ಹಿಡಿದೆ. ಮೈಕಿನ ಗುರುತು, ಸಣ್ಣ ದನಿ, ಹಿಂದೆ ಗರಗರ.

ಅವನು ತನ್ನ ಕಂಪ್ಯೂಟರಿನ ಮುಂದೆ ಕುಕ್ಕರಿಸಿ ಏನೇನೋ ಒತ್ತಿದ. “ಬರೀ ದನಿಯ ದಾರಿ... ಅದು ಬೇರೆ. ತೀರಾ ನೆಟ್ ಇಲ್ಲದವರಿಗೆ ಅಂತ ಶುರುವಿನಲ್ಲೇ ಬೇರೆ ಎಳೆದಿದ್ದೆ. ಚಿತ್ರದ ಜೊತೆ ಹೋಗೋ ದನಿ ಶುದ್ಧ ಮಾಡಿದೆ. ಇದನ್ನ ಮರೆತೇಬಿಟ್ಟೆ. ಇಲ್ಲಿ ನೆಟ್ ಚೆನ್ನಾಗಿದೆ, ನನಗೆ ಅದು ಯಾವತ್ತೂ ಕೇಳಿಸೋದೇ ಇಲ್ಲ.”

“ನನಗೀಗಲೂ ಅದೇ ಕೇಳ್ತಿದೆಯಲ್ಲ? ಇಲ್ಲಿ ನೆಟ್ ಇದೆ ಅಂತೀಯ.”

“ಒಂದ್ಸಲ ದನಿಗೆ ಇಳಿದ್ರೆ ತಾನಾಗಿ ಮೇಲೆ ಹತ್ತಲ್ಲ. ಹಾಗೆ ಮಾಡಿಟ್ಟಿರೋದು. ಬಡ ನೆಟ್ ಬರುತ್ತೆ, ಹೋಗುತ್ತೆ. ಮತ್ತೆ ಮತ್ತೆ ಚಿತ್ರಕ್ಕೆ ಹಾರಿದ್ರೆ ಪಾಠವೇ ತುಂಡಾಗುತ್ತೆ. ಅದಕ್ಕೇ ಒಂದಿಷ್ಟು ದನಿ ತುಂಬಿಟ್ಕೊಂಡು ಆಮೇಲೆ ಬಿಡುತ್ತೆ. ನಮ್ಮ ಸ್ಪೀಕರಿಗಿಂತ ಒಂದು ನಿಮಿಷ ಹಿಂದೆ ಓಡ್ತಿರುತ್ತೆ...” ಅವನು ನನ್ನತ್ತ ತಿರುಗಿದ. “ನೀವು ಯಾರು? ನಿಮ್ಮನ್ನ ಕಳಿಸಿದ್ದು ಯಾರು?”

“ಇನ್ಯಾರು? ಅವಳ ಅಣ್ಣ.”

ಅಜ್ಜಿಯ ಸೂಜಿ ನಿಂತಿತು.

ಮದುವೆಯಾದಾಗಿನಿಂದ ನಿಲ್ಲದ ಕೈ ಬಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು.

“ಅಯ್ಯೋ, ಅವನಿಗೆ ಹೆದರಿಯೇ ಅಲ್ವೇನಮ್ಮ ಅವಳು ಅಡಗಿರೋದು!” ಎಂದಳು ಅಜ್ಜಿ.

“ಏನಂದ್ರಿ?”

ಮಾಸ್ಟರ್ ಬಡಬಡ ಹೇಳಿದ. ಹಿಂದಿನ ವರ್ಷ ಭಾವ, ಅಂದರೆ ಆ ಮೆಕ್ಯಾನಿಕ್, ತನ್ನ ವ್ಯಾನಿನಲ್ಲಿ ಒಬ್ಬ ಸೈಕಲ್‌ನವನಿಗೆ ಗುದ್ದಿ ನಿಲ್ಲಿಸದೆ ಹೋಗಿದ್ದ. ಆ ಮನುಷ್ಯ ಉಳಿಯಲಿಲ್ಲ. ಓಡಿಸಿದ್ದು ತನ್ನ ಕೆಲಸದವನು ಎಂದು ಭಾವ ಹೇಳಿಕೆ ಕೊಟ್ಟ. ಆ ಕೆಲಸದವನು ಇವತ್ತಿಗೂ ಜೈಲಿನಲ್ಲಿದ್ದಾನೆ. ಆದರೆ ಅವತ್ತು ಭಾವನ ಪಕ್ಕದ ಸೀಟಿನಲ್ಲಿ ಕೂತಿದ್ದವಳು ಅವನ ತಂಗಿ.

“ನಾಳೆ ಕೋರ್ಟಿನಲ್ಲಿ ಅವಳ ಸಾಕ್ಷಿ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ ಅಂದ್ಳು. ಹೋದ ವಾರ ಭಾವ ಇದೇ ಕೋಣೆಗೆ ಬಂದು, ‘ನೀನು ಕೋರ್ಟಿನ ಮೆಟ್ಟಿಲು ಹತ್ತಲ್ಲ, ಬರೆದಿಟ್ಕೋ’ ಅಂತ ಮೆತ್ತಗೆ ಹೇಳಿ ಹೋದ. ಕೂಗಾಡಿದ್ದರೆ ನಾನು ಹೆದರ್ತಿರಲಿಲ್ಲ. ಅವತ್ತು ರಾತ್ರೋರಾತ್ರಿ ಅವಳನ್ನ ಕಳಿಸಿದ್ವಿ. ಪಾಠ ನಿಂತ್ರೆ ಮನೇಲಿಲ್ಲ ಅಂತ ಗೊತ್ತಾಗುತ್ತೆ. ಪಾಠ ನಡೀತಿದ್ರೆ ಇಲ್ಲೇ ಇದ್ದಾಳೆ ಅಂದ್ಕೊಂಡು ನಮ್ಮ ಬಾಗಿಲನ್ನೇ ಕಾಯ್ತಿರ್ತಾನೆ ಅಂತ...”

ಯಾರನ್ನು ನಂಬಬೇಕು? ಇವನು ಹೇಳುವುದು ಕಟ್ಟುಕಥೆಯೂ ಇರಬಹುದು. ಆದರೆ ಅಜ್ಜಿಯ ಕೈ ಸುಳ್ಳು ಹೇಳುತ್ತಿರಲಿಲ್ಲ, ಅದು ಇನ್ನೂ ಹೊಲಿಗೆಗೆ ಮರಳಿರಲಿಲ್ಲ.

“ಎಲ್ಲಿಗೆ ಕಳಿಸಿದ್ರಿ?”

ಅವನು ಹಿಂಜರಿದ. “ಆ ಸದ್ದನ್ನ ಭಾವನಿಗೆ ಕೇಳಿಸಿದ್ರಾ? ಅದು ಮೊದಲು ಹೇಳಿ.”

“ಕೇಳಿಸಿದೆ. ಅವನಿಗೆ ಗೊತ್ತಾಗಲಿಲ್ಲ. ಪಂಪಿರ್ಬೇಕು ಅಂದ.”

“ಪಂಪು!” ಮಾಸ್ಟರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. “ಅವಳ ಗೆಳತಿಯ ಲಾಂಡ್ರಿ ಅದು, ಎರಡು ಬೀದಿ ಆಚೆ. ಹೋಟೆಲ್‌ನೋರ ಬೆಡ್‌ಶೀಟ್ ಒಗೆಯೋ ದೊಡ್ಡ ಯಂತ್ರ. ಅದರ ಬಜರ್ ಕೆಟ್ಟಾಗ ಹಳೇದೊಂದು ಕೂರಿಸಿಕೊಟ್ಟವನೇ ಭಾವ. ಅದಕ್ಕೇ ಅದು ಬಿಕ್ಕಳಿಸೋದು! ಈ ಸಾಕ್ಷಿಯ ಜಗಳದಲ್ಲಿ ಗೆಳತಿ ನಮ್ಮ ಪಕ್ಷ ಹಿಡಿದ್ಮೇಲೆ ಅವನು ಆಕಡೆ ಕಾಲಿಡೋದು ಬಿಟ್ಟಿದ್ದ, ಅಲ್ಲಿ ಹುಡುಕಲ್ಲ ಅಂತ ಕಳಿಸಿದ್ದು.”

ಬೀದಿಯ ತುದಿಯಿಂದಲೇ ನನ್ನ ಸ್ಕೂಟರಿನ ಬೇರಿಂಗ್ ಸದ್ದು ಗುರುತಿಸಿದವನು. ಕಣ್ಣು ಮುಚ್ಚಿಕೊಂಡು, ಅಷ್ಟು ಹೊತ್ತು ಕೇಳಿ, ಪಂಪು ಎಂದ. ನಾನು ಒಳ್ಳೆಯ ಮನುಷ್ಯ ಎಂದುಕೊಂಡೆ! ಕಳ್ಳನ ಕೈಗೆ ಬೀಗದ ಕೈ ಕೊಟ್ಟು, ಜೋಪಾನ ಕಣಪ್ಪಾ ಎಂದು ಬೆನ್ನು ತಟ್ಟಿ ಬಂದಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳ!

ಕಿಟಕಿಗೆ ಹಾರಿ ಕಂದು ಕಾಗದವನ್ನು ಪರ್ರೆಂದು ಹರಿದೆ. ಬೆಳಕು ಮೇಜಿನ ಮೇಲೆ ಬಿದ್ದು, ಸಾವಿರಾರು ಫೋನುಗಳಲ್ಲಿ ಅಜ್ಜಿಯ ಕೈ ಬೆಳಗಿರಬೇಕು. ಕೆಳಗೆ ಗೇಟಿನ ಬಳಿ ವಾಚ್‌ಮನ್ ಒಬ್ಬನೇ ಕೂತಿದ್ದ. ವ್ಯಾನ್ ಇರಲಿಲ್ಲ.

“ಅವಳಿಗೆ ಹೇಳು! ಬಾಗಿಲು ತೆಗೀಬೇಡ ಅನ್ನು!”

ಮಾಸ್ಟರ್ ಮೇಜಿನ ಮೇಲೆ ಅವಳ ಇಯರ್‌ಫೋನಿಗೆ ಮಾತು ಕಳಿಸುವ ಗುಂಡಿಯತ್ತ ಕೈ ಚಾಚಿದ. ಅಷ್ಟರಲ್ಲಿ ಸ್ಪೀಕರಿನಲ್ಲಿ ಟೀಚರ್, “ಒಂದೇ ನಿಮಿಷ ಇರಿ, ಯಾರೋ ಬಂದ್ರು, ಬಂದೆ” ಎಂದಳು. ಏನನ್ನೋ ಕೆಳಗಿಟ್ಟ ಸದ್ದಾಯಿತು.

“ಕೇಳ್ತಿದೆಯಾ? ಬಾಗಿಲು ತೆಗೀಬೇಡ! ಲೇ, ಕೇಳ್ತಿದೆಯಾ?” ಅವನು ಗುಂಡಿ ಒತ್ತಿ ಕೂಗಿದ. ಸ್ಪೀಕರಿನಲ್ಲಿ ಉಸಿರೂ ಇಲ್ಲ. ಇಯರ್‌ಫೋನ್ ಕಿವಿಯಿಂದ ತೆಗೆದಿಟ್ಟು ಹೋಗಿದ್ದಳು.

“ಲಾಂಡ್ರಿ ಗೆಳತಿಗೆ ಫೋನ್ ಮಾಡು!”

“ಈ ಹೊತ್ತಿಗೆ ಅವಳು ಬಟ್ಟೆ ತಲುಪಿಸೋಕೆ ಹೋಗಿರ್ತಾಳೆ.” ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಹೆಡ್‌ಫೋನನ್ನು ಕೊರಳಿಂದ ಕಿತ್ತೆಸೆದು ಬರಿಗಾಲಲ್ಲೇ ಬಾಗಿಲು ದಾಟಿದ. ಮೆಟ್ಟಿಲ ಮೇಲೆ ಅವನ ಕಾಲ ಸದ್ದು ದಡದಡ ಇಳಿಯಿತು.

ನಾನು ಪೊಲೀಸರಿಗೆ ಮಾಡಲು ಫೋನ್ ಎತ್ತಿದೆ.

“ತಡಿಯಮ್ಮಾ,” ಎಂದು ಅಜ್ಜಿ ನನ್ನ ಮುಂಗೈ ಹಿಡಿದಳು. “ಅದನ್ನ ಮುಚ್ಚಬೇಡ. ಅದು ಹಿಂದೆ ಓಡ್ತಿದೆ ಅಂದ್ನಲ್ಲ? ಅಲ್ಲಿ ಯಾರು ಬಂದದ್ದು ಅಂತ ಅದ್ರಲ್ಲಿ ಇನ್ನೂ ಬರ್ಬೇಕು. ಪೊಲೀಸ್ರಿಗೆ ನನ್ನ ಫೋನಿಂದ ಮಾಡ್ತೀನಿ.”

ಅವಳು ಅವರೊಡನೆ ಮಾತಾಡುತ್ತಿದ್ದರೆ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಈ ಬಡ ದನಿಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಟೀಚರ್ ನಿಶ್ಚಿಂತೆಯಿಂದಿದ್ದಳು.

“ಮೂಲೆ ಚೂಪಾಗಿ ಬರ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಮೊದಲ ಅಂಗಿ ನಂದೂ ಹಾಗೇ ಆಗಿತ್ತು, ನಮ್ಮಣ್ಣ ಅದನ್ನೇ ಹಾಕ್ಕೊಂಡು ವರ್ಷ ತಿರುಗಿದ್ದ.” ಸಣ್ಣಗೆ ನಕ್ಕಳು. “ಈಗ ಕೈ ನಿಲ್ಲಿಸಿದ್ದೀನಿ. ನಿಧಾನದವರು ನೋಡ್ಕೊಳ್ಳಿ.”

ಓಡು, ಎಂದು ನನಗೆ ಕೂಗಬೇಕೆನಿಸಿತು. ಆಗಿಹೋದದ್ದಕ್ಕೆ ಕೂಗಿ ಏನು ಪ್ರಯೋಜನ? ಗರಗರ ಆಕಡೆ. ಗರಗರ ಈಕಡೆ.

ಟಕ್ ಟಕ್.

“ಒಂದೇ ನಿಮಿಷ ಇರಿ, ಯಾರೋ ಬಂದ್ರು, ಬಂದೆ.”

ಇಯರ್‌ಫೋನ್ ಕೆಳಗಿಟ್ಟ ಸದ್ದು. ಮಾಸ್ಟರ್‌ನ ಸ್ಪೀಕರಿನಲ್ಲಿ ಇಲ್ಲಿಂದಾಚೆ ಏನೂ ಇರಲಿಲ್ಲ, ಹಿನ್ನೆಲೆ ಎಂದು ಅವನ ಕಂಪ್ಯೂಟರ್ ಎಲ್ಲವನ್ನೂ ಒರೆಸಿ ಹಾಕಿತ್ತು. ನನ್ನ ಕಿವಿಯಲ್ಲಿ ಮಾತ್ರ ಎಲ್ಲವೂ ಇತ್ತು. ಚಪ್ಪಲಿಯ ಸದ್ದು ದೂರ ಸರಿಯಿತು. ಚಿಲಕ ಸರಿಯಿತು. ಆಮೇಲೆ ಗರಗರದ ನಡುವಿನಿಂದ ಒಂದು ಗಂಡು ದನಿ, ಮೆತ್ತಗೆ, ಬೆಳಿಗ್ಗೆ ನನ್ನ ಸ್ಕೂಟರಿಗೆ ಮರುಗಿದ ಅದೇ ದನಿ:

“ಬೇರಿಂಗ್ ಹೋಗ್ತಾ ಇದೆ ಕಣೇ ಈ ಮೆಷಿನ್‌ದು. ನಿನ್ನ ಪಾಠದಲ್ಲೇ ಕೇಳಿಸ್ತು. ಒಳಗೆ ಬರ್ಲಾ ಪುಟ್ಟೀ?”

ಬಾಗಿಲು ಮುಚ್ಚಿಕೊಂಡಿತು.

ಗರಗರ ಆಕಡೆ ತಿರುಗಿತು. ಈಕಡೆ ತಿರುಗಲು ಹೊರಟು, ಅರ್ಧಕ್ಕೇ ನಿಂತಿತು. ಯಾರೋ ಅದರ ಸ್ವಿಚ್ ಆರಿಸಿದ್ದರು.

ನಾನು ಫೋನಿನ ಪರದೆಯನ್ನೇ ನೋಡುತ್ತಿದ್ದೆ. ಮೈಕಿನ ಗುರುತಿನ ಕೆಳಗೆ, ಗುಡ್ಡದಾಚೆಯ ಆ ವಿದ್ಯಾರ್ಥಿನಿಯ ಸಾಲೊಂದು ಮೂಡಿತು:

“ಟೀಚರ್, ಆ ಗರಗರ ಸದ್ದು ಕೊನೆಗೂ ನಿಂತ್ಹೋಯ್ತು! ಈಗ ನಿಮ್ಮ ದನಿ ಚೆನ್ನಾಗಿ ಕೇಳುತ್ತೆ. ಮಾತಾಡಿ.”